ಟ್ಯಾಬ್ಲೆಟ್‌ನಲ್ಲಿ ಮದುವೆ ಆಲ್ಬಮ್ ಮಾಡಬಹುದೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ 'ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಜನತೆ'. ಬಹಳ ದೊಡ್ಡ ವಿಷಯ. ಇಪ್ಪತ್ತು ನಿಮಿಷದಲ್ಲಿ ಅದರ ಬಗ್ಗೆ ಮಾತಾಡಿದರೆ ಗಾಳಿಮಾತು ಬಿಟ್ಟು ಬೇರೇನೂ ಹೇಳಲು ಆಗುವುದಿಲ್ಲ. ಆದ್ದರಿಂದ ಅವರ ಒಪ್ಪಿಗೆ ಪಡೆದು ಅದನ್ನು ಒಂದು ಸಣ್ಣ ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ. ಈ ಪ್ರಶ್ನೆ ನನ್ನದಲ್ಲ. ಕಳೆದ ಎರಡು ವರ್ಷದಲ್ಲಿ ನಮ್ಮ ಶಾಲೆಯಲ್ಲೇ ಓದಿದ ನಾಲ್ಕು ಜನ ನನಗೆ ಫೋನ್ ಮಾಡಿ ಕೇಳಿದ್ದು: "ಟ್ಯಾಬ್ ತಗೊಂಡ್ರೆ ಅದ್ರಾಗ ಫೋಟೋಶಾಪ್ ಓಡ್ತದೇನು?"

ಈ ನಾಲ್ವರಲ್ಲಿ ಮೂವರು ಸ್ಟುಡಿಯೋ ಇಟ್ಟವರು. ನಾಲ್ಕನೆಯವಳು ನಮಗಿಂತ ಎರಡು ವರ್ಷ ಚಿಕ್ಕವಳು; ಮದುವೆಯಾಗಿ ಪಕ್ಕದ ತಾಲ್ಲೂಕಿಗೆ ಹೋದವಳು. ಮನೆಯಲ್ಲೇ ಕೂತು ಸ್ಟುಡಿಯೋಗಳಿಗೆ ಮದುವೆ ಆಲ್ಬಮ್ ಜೋಡಿಸಿ ಕೊಡುತ್ತಾಳೆ, ಶೀಟಿಗೆ ಇಷ್ಟು ಎಂದು ಲೆಕ್ಕ. ಅವಳ ಕಂಪ್ಯೂಟರ್ ಇರುವುದು ನಡುಮನೆಯಲ್ಲಿ. ಕರೆಂಟ್ ಹೋದರೆ ಕೆಲಸ ನಿಂತಿತು, ನೆಂಟರು ಬಂದರೆ ಕೆಲಸ ನಿಂತಿತು. ಟ್ಯಾಬ್ ಆದರೆ ಒಳಕೋಣೆಯಲ್ಲಿ, ಮಗು ಮಲಗಿದ ಮೇಲೆ ಮಾಡಬಹುದಲ್ಲ ಎಂಬುದು ಅವಳ ವಿಚಾರ. ಸಂಘದಿಂದ ಸಾಲ ಎತ್ತಿ ಕೊಳ್ಳಲು ಹೊರಟಿದ್ದಳು. ಅಷ್ಟು ದುಡ್ಡು ತಪ್ಪು ಜಾಗಕ್ಕೆ ಹೋದರೆ ಅವಳ ಒಂದು ಮದುವೆ ಹಂಗಾಮಿನ ದುಡಿಮೆ ಹೋದಂತೆ. ಹಾಗಾಗಿ ಇದನ್ನು ತಮಾಷೆಯ ಪ್ರಶ್ನೆ ಎಂದು ತಿಳಿಯಬೇಡಿ. ಯಂತ್ರದ ವಿಷಯ ಬೇಡ ಎನ್ನುವ ಹಿರಿಯರು ಸ್ವಲ್ಪ ಹೊತ್ತು ನನ್ನನ್ನು ಸಹಿಸಿಕೊಳ್ಳಬೇಕು. ನಿಮಗೆ ಗೊತ್ತಿರುವ ಕಣ, ಹಗೇವಿನ ಮಾತಲ್ಲೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ಮಾಡೋಣ. ಮಕ್ಕಳೇ, ನಿಮಗೂ ಬರುವ ಗುಣಾಕಾರ ಇದು.

ನಮ್ಮ ಕಡೆಯ ಮದುವೆ ಆಲ್ಬಮ್ ಬಿಡಿಸಿಟ್ಟರೆ ಒಂದು ಹಾಳೆ 12 ಇಂಚು ಎತ್ತರ, 36 ಇಂಚು ಅಗಲ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ 3,600 ಚುಕ್ಕಿ ಎತ್ತರ, 10,800 ಚುಕ್ಕಿ ಅಗಲ. ಗುಣಿಸಿದರೆ 3 ಕೋಟಿ 88 ಲಕ್ಷದ 80 ಸಾವಿರ ಚುಕ್ಕಿ. ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ, ಒಂದೊಂದಕ್ಕೆ ಒಂದು ಬೈಟ್. ಒಟ್ಟು ಸುಮಾರು 117 ಎಂಬಿ. ಇದು ಬರೀ ಒಂದು ಪದರ. ಹಿಂದಿನ ಬಣ್ಣದ ಹಿನ್ನೆಲೆ ಒಂದು ಪದರ, ಮೇಲೆ ಹೂವಿನ ಬಳ್ಳಿ, ಧಾರೆಯ ಫೋಟೋ, ಅಪ್ಪ ಅಮ್ಮ, ಹೆಸರು, ನೆರಳು, ಹೀಗೆ ಪದರದ ಮೇಲೆ ಪದರ. ಎಲ್ಲವೂ ಹಾಳೆ ತುಂಬ ಇರುವುದಿಲ್ಲ. ಆದರೂ ಎಂಟು ಪೂರ್ತಿ ಪದರಗಳಷ್ಟು ಎಂದು ಹಿಡಿದರೆ 900 ಎಂಬಿ ದಾಟಿತು. ಇದರ ಮೇಲೆ, ನಾವು ಮಾಡಿದ ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ತರಲು ತಂತ್ರಾಂಶವು ಹಳೆಯ ರೂಪಗಳನ್ನೂ ಜೋಪಾನ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೂ ಜಾಗ ಬೇಕು.

"ನನ್ನ ಫೋಟೋ ಫೈಲ್ ಎಂಟು ಎಂಬಿ ಅಷ್ಟೇ ಐತಲ್ಲ" ಎಂದು ಒಬ್ಬ ಗೆಳೆಯ ಕೇಳಿದ. ಜೆಪೆಗ್ ಎನ್ನುವುದು ಒಣಗಿದ ಸಂಡಿಗೆ ಇದ್ದ ಹಾಗೆ. ಡಬ್ಬಿಯಲ್ಲಿ ಹಿಡಿಯಷ್ಟು ಜಾಗ. ಎಣ್ಣೆಗೆ ಬಿದ್ದ ಮೇಲೆ ತಟ್ಟೆ ತುಂಬುತ್ತದೆ. 6,000 ಅಡ್ಡ, 4,000 ಉದ್ದದ 24 ಮೆಗಾಪಿಕ್ಸೆಲ್ ಫೋಟೋ ಡಿಸ್ಕ್‌ನಲ್ಲಿ ಎಂಟು ಹತ್ತು ಎಂಬಿ ಇರಬಹುದು, ತೆರೆದಾಗ ಅದು 72 ಎಂಬಿ. ಬಣ್ಣದ ಸೂಕ್ಷ್ಮ ಬೇಕೆಂದು 16 ಬಿಟ್‌ನಲ್ಲಿ ತೆರೆದರೆ 144 ಎಂಬಿ. ಡಬ್ಬಿ ನೋಡಿ ತಟ್ಟೆ ಕೊಳ್ಳಬಾರದು.

ಈಗ ಈ ಸಂಡಿಗೆ ಅರಳುವ ಜಾಗ ಯಾವುದು? ಅದೇ ರ್‍ಯಾಮ್. ನಮ್ಮ ಬಯಲುಸೀಮೆಯವರಿಗೆ ಹೇಳಬೇಕೆಂದರೆ ರ್‍ಯಾಮ್ ಎಂದರೆ ಕಣ, ಸ್ಟೋರೇಜ್ ಎಂದರೆ ಹಗೇವು. ಹಗೇವಿನಲ್ಲಿ ನೂರು ಚೀಲ ತುಂಬಬಹುದು, ಆದರೆ ತೆನೆ ಹರಡಿ ರೋಣಗಲ್ಲು ಹೊಡೆಯುವುದು ಕಣದಲ್ಲೇ. ಕಣ ಚಿಕ್ಕದಾದರೆ ಬೆಳೆಯನ್ನು ಸ್ವಲ್ಪ ಸ್ವಲ್ಪ ತಂದು ಒಕ್ಕಬೇಕು, ಎತ್ತಿಡಬೇಕು, ಮತ್ತೆ ತರಬೇಕು. ಕೆಲಸ ಆಗುತ್ತದೆ, ಆದರೆ ಸಂಜೆಯಾಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಫೋಟೋಶಾಪ್ ಹೀಗೇ ಮಾಡುತ್ತದೆ. ಕಣ ಸಾಲದಾದಾಗ ಡಿಸ್ಕ್‌ನ ಒಂದು ಭಾಗವನ್ನು ತಾತ್ಕಾಲಿಕವಾಗಿ ಬಳಸುತ್ತದೆ. ಟ್ಯಾಬ್ಲೆಟ್‌ನ ಸ್ವಭಾವ ಬೇರೆ. ಒಂದು ಆ್ಯಪ್ ತನ್ನ ಪಾಲಿಗಿಂತ ಹೆಚ್ಚು ಕೇಳಿದರೆ ಆಪರೇಟಿಂಗ್ ಸಿಸ್ಟಮ್ ಆ ಆ್ಯಪನ್ನೇ ಮುಚ್ಚಿಬಿಡುತ್ತದೆ. ಫೋನಿನಂತೆ ಬ್ಯಾಟರಿ ಉಳಿಸಲು, ಯಾವಾಗಲೂ ಚುರುಕಾಗಿರಲು ಕಟ್ಟಿದ ವ್ಯವಸ್ಥೆ ಅದು. ಕೆಲಸ ಮಾಡುತ್ತಾ ಇದ್ದಂತೆ ಪರದೆ ಮಿಂಚಿ ಮುಖಪುಟಕ್ಕೆ ಬಂದು ನಿಂತಿತು ಎಂದರೆ ಹೆಚ್ಚಿನ ಸಲ ಕಾರಣ ಇದೇ.

2010ರಲ್ಲಿ ಬಂದ ಮೊದಲ ಐಪ್ಯಾಡ್‌ನಲ್ಲಿ ಇದ್ದ ರ್‍ಯಾಮ್ 256 ಎಂಬಿ. ಈಗ ಮಾಡಿದ ಲೆಕ್ಕದಲ್ಲಿ ಹೇಳುವುದಾದರೆ ಆಲ್ಬಮ್ ಹಾಳೆಯ ಎರಡು ಪದರ ಇಟ್ಟರೆ ಕಣ ಮುಗಿಯಿತು. ಅಡೋಬಿಯವರು 2011-12ರ ಹೊತ್ತಿಗೆ ಟ್ಯಾಬ್ಲೆಟ್‌ಗೆಂದೇ ಫೋಟೋಶಾಪ್ ಟಚ್ ಎಂಬುದನ್ನು ತಂದರು, 2015ರಲ್ಲಿ ನಿಲ್ಲಿಸಿದರು. 2015ರ ಕೊನೆಗೆ 4 ಜಿಬಿ ರ್‍ಯಾಮ್‌ನ ಐಪ್ಯಾಡ್ ಪ್ರೊ ಬಂತು. 2017ರ ಜೂನ್‌ನಲ್ಲಿ ಅಫಿನಿಟಿ ಫೋಟೋ ಐಪ್ಯಾಡ್‌ಗೆ ಬಂದಾಗ, ಕಂಪ್ಯೂಟರಿನ ಪೂರ್ಣ ತಂತ್ರಾಂಶವೊಂದು ಗಾಜಿನ ಹಲಗೆಯ ಮೇಲೆ ಓಡಬಲ್ಲದು ಎಂದು ಜನ ನಂಬಿದರು. ಫೋಟೋಶಾಪ್ ಐಪ್ಯಾಡ್‌ಗೆ ಬಂದದ್ದು 2019ರ ನವೆಂಬರ್‌ನಲ್ಲಿ. ಮೊದಲ ಆವೃತ್ತಿಯಲ್ಲಿ ಬೇಕಾದ ಸಲಕರಣೆಗಳೇ ಇರಲಿಲ್ಲ ಎಂದು ಬಳಸಿದವರು ಬೈದರು. ಕರ್ವ್ಸ್ ಬಂದದ್ದು 2020ರಲ್ಲಿ, ಕ್ಯಾಮೆರಾ ರಾ 2021ರಲ್ಲಿ.

2021ರಲ್ಲಿ ಒಂದು ಪಾಠದಂಥ ಪ್ರಸಂಗ ನಡೆಯಿತು. ಎಂ1 ಚಿಪ್ಪಿನ ಐಪ್ಯಾಡ್ ಪ್ರೊ ಬಂದಾಗ ಅದರಲ್ಲಿ 8 ಜಿಬಿ, ದೊಡ್ಡ ಸ್ಟೋರೇಜ್‌ನ ಮಾದರಿಗಳಲ್ಲಿ 16 ಜಿಬಿ ರ್‍ಯಾಮ್ ಇತ್ತು. ಆದರೆ ಯಾವುದೇ ಒಂದು ಆ್ಯಪ್ ಸುಮಾರು 5 ಜಿಬಿಗಿಂತ ಹೆಚ್ಚು ಮುಟ್ಟುವಂತಿರಲಿಲ್ಲ. 16 ಎಕರೆ ಕಣ ಕೊಂಡವನಿಗೂ ಐದೇ ಎಕರೆಯಲ್ಲಿ ಒಕ್ಕಲು ಅಪ್ಪಣೆ! ಚಿತ್ರಕಾರರು ಬಳಸುವ ಪ್ರೊಕ್ರಿಯೇಟ್ ಎಂಬ ಆ್ಯಪ್ ಎಷ್ಟು ಪದರ ಸಿಗುತ್ತದೆಂದು ಮೊದಲೇ ಎಣಿಸಿ ತೋರಿಸುತ್ತದೆ, ಆದ್ದರಿಂದ ಈ ಮಿತಿ ಬೇಗ ಬೆಳಕಿಗೆ ಬಂತು. ಅದೇ ವರ್ಷದ ಮುಂದಿನ ಆವೃತ್ತಿಯಲ್ಲಿ ಹೆಚ್ಚು ಕೇಳುವ ಆ್ಯಪ್‌ಗಳಿಗೆ ಹೆಚ್ಚು ಕೊಡುವ ದಾರಿ ಮಾಡಿದರು. ಇದನ್ನು ಯಾಕೆ ಹೇಳಿದೆನೆಂದರೆ, ಪೆಟ್ಟಿಗೆಯ ಮೇಲಿನ ಸಂಖ್ಯೆ ಒಂದು, ಆ್ಯಪ್‌ನ ಕೈಗೆ ಸಿಗುವುದು ಇನ್ನೊಂದು.

ಐಪ್ಯಾಡ್‌ನ ಅಗ್ಗದ ಮಾದರಿಗಳ ಪೆಟ್ಟಿಗೆಯ ಮೇಲೆ ಈ ಸಂಖ್ಯೆಯನ್ನೇ ಹಾಕುವುದಿಲ್ಲ. ಒಂಬತ್ತನೆಯ ತಲೆಮಾರಿನದಕ್ಕೆ 3 ಜಿಬಿ, ಹತ್ತನೆಯದಕ್ಕೆ 4 ಜಿಬಿ. ಆಂಡ್ರಾಯ್ಡ್ ಕಡೆ ಸಂಖ್ಯೆ ಹಾಕುತ್ತಾರೆ, ಬೇಕಾದ್ದಕ್ಕಿಂತ ಜಾಸ್ತಿ ಹಾಕುತ್ತಾರೆ. ನನಗೆ ಫೋನ್ ಮಾಡಿದ ಸ್ಟುಡಿಯೋ ಗೆಳೆಯರಲ್ಲಿ ಒಬ್ಬ ಆಗಲೇ ಕೊಂಡು ಬಿಟ್ಟಿದ್ದ. ಅಂಗಡಿಯವನು "ಸಾರ್, ಹದಿನಾರು ಜಿಬಿ ರ್‍ಯಾಮು" ಅಂದಿದ್ದ. ಚೀಟಿಯಲ್ಲಿ ಇದ್ದದ್ದು 8+8. ಎರಡನೆಯ ಎಂಟು ರ್‍ಯಾಮ್ ಅಲ್ಲ. ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ. ಹಗೇವಿನ ಬಾಯಿಯ ಮೇಲೆ ಹಲಗೆ ಹಾಸಿ ಅದನ್ನೂ ಕಣ ಎಂದ ಹಾಗೆ. ಹಿಂದೆ ತೆರೆದಿಟ್ಟ ಆ್ಯಪ್‌ಗಳನ್ನು ಉಳಿಸಿಕೊಳ್ಳಲು ಅದು ಉಪಯೋಗ, ಆಲ್ಬಮ್ ಶೀಟಿಗೆ ಅಲ್ಲ. ಇನ್ನೂ ಒಂದು ಆಯಿತು. ಅವನು ಅದರಲ್ಲಿ ಹಾಕಿಸಿಕೊಂಡದ್ದು ಫೋಟೋಶಾಪ್ ಎಕ್ಸ್‌ಪ್ರೆಸ್. ಹೆಸರಿನಲ್ಲಿ ಫೋಟೋಶಾಪ್ ಇದೆ, ಆದರೆ ಅದು ಒಂದು ಫೋಟೋವನ್ನು ಬೇಗ ಚಂದ ಮಾಡಿ ಕಳಿಸುವ ಬೇರೆಯೇ ಆ್ಯಪ್. ಅವನ 36 ಇಂಚಿನ ಹಾಳೆ, ಪದರಗಳು, ವರ್ಷಗಟ್ಟಲೆ ಕೂಡಿಹಾಕಿದ ವಿನ್ಯಾಸಗಳು ಇವಕ್ಕೆಲ್ಲ ಅದರಲ್ಲಿ ದಾರಿಯೇ ಇರಲಿಲ್ಲ. ಆ ಟ್ಯಾಬ್‌ನಲ್ಲಿ ಈಗ ಅವನ ಮಗ ಕ್ರಿಕೆಟ್ ನೋಡುತ್ತಾನೆ. ಚಿತ್ರ ಬಹಳ ಚೆನ್ನಾಗಿ ಕಾಣುತ್ತದಂತೆ.

ವಿಂಡೋಸ್ ಟ್ಯಾಬ್ಲೆಟ್‌ಗಳ ಮಾತು ಬೇರೆ. ಮೈಕ್ರೋಸಾಫ್ಟ್‌ನ ಮೊದಲ ಸರ್ಫೇಸ್ ಪ್ರೊ 2013ರಲ್ಲಿ ಬಂತು. ಮೇಜಿನ ಕಂಪ್ಯೂಟರಿನ ಫೋಟೋಶಾಪ್ ಅದರಲ್ಲಿ ಹಾಗೆಯೇ ಓಡಿತು. ಆದರೆ ಹತ್ತೂವರೆ ಇಂಚಿನ ಪರದೆಯಲ್ಲಿ ಮೆನುಗಳು ಎಳ್ಳುಕಾಳಿನಷ್ಟು ಕಂಡವು, ಬೆರಳಲ್ಲಿ ಮುಟ್ಟುವುದೇ ಕಷ್ಟ. ಈಗ ಅದು ಸುಧಾರಿಸಿದೆ. ವಿಂಡೋಸ್‌ನ ಫೋಟೋಶಾಪ್‌ಗೆ ಅಡೋಬಿ ಹೇಳುವ ಕನಿಷ್ಠ ರ್‍ಯಾಮ್ 8 ಜಿಬಿ, ಶಿಫಾರಸು 16. ನನ್ನನ್ನು ಕೇಳಿದರೆ ಆಲ್ಬಮ್ ಕೆಲಸದವರು ಆ ಎಂಟನ್ನು ಮರೆತುಬಿಡಿ. ಎಂಟರಲ್ಲಿ ವಿಂಡೋಸ್ ತನ್ನ ಸಂಸಾರಕ್ಕೆ ತೆಗೆದುಕೊಂಡು ಉಳಿದದ್ದನ್ನು ನಿಮಗೆ ಕೊಡುತ್ತದೆ. ಟ್ಯಾಬ್ಲೆಟ್‌ಗಳಲ್ಲಿ ಗ್ರಾಫಿಕ್ಸ್‌ಗೆ ಸಾಮಾನ್ಯವಾಗಿ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದೇ ಕಣಕ್ಕೆ ಬಂದು ಕೂರುತ್ತದೆ. ಮತ್ತೆ ಇವುಗಳಲ್ಲಿ ರ್‍ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿ ಮಾಡಿದ ಹಾಗೆ ಮುಂದಿನ ವರ್ಷ ಇನ್ನೊಂದು ಪಟ್ಟಿ ಸಿಕ್ಕಿಸುತ್ತೇನೆ ಎನ್ನುವಂತಿಲ್ಲ. ಕೊಳ್ಳುವ ದಿನ ಎಷ್ಟೋ, ಬಿಸಾಡುವ ದಿನವೂ ಅಷ್ಟೇ.

ಪ್ರೊಸೆಸರ್ ಬಗ್ಗೆ ಅಂಗಡಿಯಲ್ಲಿ ಅರ್ಧ ಗಂಟೆ ಭಾಷಣ ಕೇಳಿಸುತ್ತಾರೆ. ನಾನು ಎರಡೇ ಮಾತು ಹೇಳುತ್ತೇನೆ. ಈಗಿನ ಮಧ್ಯಮ ದರ್ಜೆಯ ಚಿಪ್ಪುಗಳೂ ಫೋಟೋ ಕೆಲಸಕ್ಕೆ ಸಾಕು. ಬೀಳುವುದು ಹೆಚ್ಚಾಗಿ ಬೇರೆ ಕಡೆ. ವಿಂಡೋಸ್ ಟ್ಯಾಬ್ಲೆಟ್ ಕೊಳ್ಳುವಾಗ ಮಾತ್ರ ಅದು ಇಂಟೆಲ್, ಎಎಂಡಿ ಮಾದರಿಯದೋ ಅಥವಾ ಎಆರ್‌ಎಂ ಮಾದರಿಯದೋ ಎಂದು ಕೇಳಿ. ಎಆರ್‌ಎಂನಲ್ಲೂ ಫೋಟೋಶಾಪ್ ಓಡುತ್ತದೆ. ಆದರೆ ನಿಮ್ಮ ಕನ್ನಡ ಅಕ್ಷರದ ತಂತ್ರಾಂಶಕ್ಕೆ ಯುಎಸ್‌ಬಿ ಬೀಗ ಇದ್ದರೆ, ಅದರ ಡ್ರೈವರ್ ಎಆರ್‌ಎಂಗೆಂದೇ ಬರೆದದ್ದಲ್ಲದಿದ್ದರೆ, ಬೀಗ ತೆರೆಯುವುದೇ ಇಲ್ಲ.

ಕನ್ನಡದ ಮಾತು ಬಂತು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇಂಗ್ಲಿಷಿನ ಯಾವ ಪಟ್ಟಿಯಲ್ಲೂ ಇದು ಸಿಗುವುದಿಲ್ಲ. ಆಲ್ಬಮ್‌ನ ಮೊದಲ ಹಾಳೆಯಲ್ಲಿ ವಧು ವರರ ಹೆಸರು ಬರಬೇಕು. ನಮ್ಮ ಸ್ಟುಡಿಯೋಗಳು ವರ್ಷಗಳಿಂದ ಬಳಸುತ್ತಿರುವುದು ಹಳೆಯ ನುಡಿ ಮುಂತಾದ ಯೂನಿಕೋಡ್ ಅಲ್ಲದ ಅಕ್ಷರಗಳನ್ನು. ಕೀಲಿ ಒತ್ತಿದ್ದನ್ನು ಕನ್ನಡವಾಗಿಸುವ ಆ ತಂತ್ರಾಂಶ ವಿಂಡೋಸ್‌ನದು. ಐಪ್ಯಾಡ್‌ನಲ್ಲಿ ಅದನ್ನು ಹಾಕಲು ಬರುವುದಿಲ್ಲ. ಟ್ಯಾಬ್ಲೆಟ್‌ನ ಕೀಲಿಮಣೆ ಕೊಡುವುದು ಯೂನಿಕೋಡ್ ಕನ್ನಡ. ಯೂನಿಕೋಡ್ ಒಳ್ಳೆಯದೇ, ಆದರೆ ಫೋಟೋ ತಂತ್ರಾಂಶಕ್ಕೆ ನಮ್ಮ ಒತ್ತಕ್ಷರ ಜೋಡಿಸುವ ವಿದ್ಯೆ ತಿಳಿದಿರಬೇಕು. ಕಂಪ್ಯೂಟರಿನ ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲೂ ಅಕ್ಷರದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ವ್ಯವಸ್ಥೆಯನ್ನು ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಕೂರುತ್ತಿತ್ತು. ಮದುಮಗಳ ಹೆಸರು ಲಕ್ಷ್ಮಿ ಎಂದಿದ್ದು, ಆಲ್ಬಮ್‌ನಲ್ಲಿ ಅದು ಚೂರು ಚೂರಾಗಿ ಅಚ್ಚಾದರೆ ಬೀಗರ ಮುಂದೆ ಯಾರು ನಿಲ್ಲುತ್ತಾರೆ? ಟ್ಯಾಬ್ ಕೈಗೆ ಕೊಟ್ಟ ಕೂಡಲೇ ಆ ಆ್ಯಪ್‌ನೊಳಗೆ 'ಲಕ್ಷ್ಮಿ', 'ಶ್ರೀಕೃಷ್ಣ', 'ಶಾಸ್ತ್ರಿ' ಎಂದು ಮೂರು ಹೆಸರು ಹೊಡೆದು ನೋಡಿ. ಸರಿ ಬಂದರೆ ಮುಂದಿನ ಮಾತು.

ಇನ್ನು ಫೋಟೋಗಳನ್ನು ಒಳಗೆ ತರುವುದು. ಒಂದು ಮದುವೆಗೆ 64 ಜಿಬಿ ಕಾರ್ಡು ತುಂಬುವುದು ಈಗ ಮಾಮೂಲು. ತೂತು ಟೈಪ್ ಸಿ ಆದ ಮಾತ್ರಕ್ಕೆ ವೇಗ ಬರುವುದಿಲ್ಲ. ಹತ್ತನೆಯ ತಲೆಮಾರಿನ ಐಪ್ಯಾಡ್‌ಗೆ ಟೈಪ್ ಸಿ ಇದೆ, ಒಳಗಿನ ವೇಗ ಹಳೆಯ ಯುಎಸ್‌ಬಿ 2ರದು. ಸೆಕೆಂಡಿಗೆ 40 ಎಂಬಿ ಬಂದರೆ 64 ಜಿಬಿ ಇಳಿಯಲು 27 ನಿಮಿಷ. ಯುಎಸ್‌ಬಿ 3 ಇದ್ದು, ಕಾರ್ಡು 90 ಎಂಬಿ ಕೊಟ್ಟರೆ ಹನ್ನೆರಡೇ ನಿಮಿಷ. ಸ್ಟೋರೇಜ್‌ನ ಜಾತಿಯನ್ನೂ ಕೇಳಿ: ಇಎಂಎಂಸಿ ಎಂದರೆ ನಿಧಾನ, ಯುಎಫ್‌ಎಸ್ ಎಂದರೆ ವೇಗ. 128 ಜಿಬಿಗಿಂತ ಕಡಿಮೆಯದಕ್ಕೆ ಕೈ ಹಾಕಬೇಡಿ. ಎರಡು ಮದುವೆಗೆ ತುಂಬಿ ನಿಲ್ಲುತ್ತದೆ.

ಪೆನ್ನು. ಮೊಗ್ಗಿನ ಜಡೆಯ ಸುತ್ತ ಹಿನ್ನೆಲೆ ಕತ್ತರಿಸುವ ಕೆಲಸ ಮಾಡಿದವರಿಗೆ ಗೊತ್ತು, ಮೌಸ್ ಹಿಡಿದು ಅದನ್ನು ಮಾಡುವುದೆಂದರೆ ಇಟ್ಟಿಗೆಯಿಂದ ರಂಗೋಲಿ ಹಾಕಿದಂತೆ. ಟ್ಯಾಬ್ಲೆಟ್‌ನ ನಿಜವಾದ ಲಾಭ ಇಲ್ಲೇ ಇರುವುದು. ಆದರೆ ಪೆನ್ನು ಒತ್ತಡ ಗುರುತಿಸಬೇಕು. ಮೆಲ್ಲಗೆ ಎಳೆದರೆ ತೆಳು, ಒತ್ತಿದರೆ ದಪ್ಪ. ಇನ್ನೂರು ಮುನ್ನೂರು ರೂಪಾಯಿಯ ರಬ್ಬರ್ ತುದಿಯ ಕಡ್ಡಿ ಬೆರಳಿನ ಬದಲಿ ಅಷ್ಟೇ. ಆಪಲ್ ಪೆನ್ಸಿಲ್‌ನಲ್ಲೂ ನೋಡಿ ಕೊಳ್ಳಿ. 2023ರಲ್ಲಿ ಬಂದ ಅಗ್ಗದ ಯುಎಸ್‌ಬಿ ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯುವುದಿಲ್ಲ. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್ ಸಾಲಿನಲ್ಲಿ ಪೆನ್ನು ಪೆಟ್ಟಿಗೆಯಲ್ಲೇ ಬರುತ್ತದೆ, ಬರೆಯಲು ಅದಕ್ಕೆ ಚಾರ್ಜ್ ಬೇಕಿಲ್ಲ.

ಪರದೆ ಹೊಳೆಯುತ್ತದೆ ಎಂದು ಮರುಳಾಗಬೇಡಿ. ಎದ್ದು ಕಾಣುವಂತೆ ಬಣ್ಣ ಉಬ್ಬಿಸಿ ತೋರಿಸುವ ಸೆಟ್ಟಿಂಗ್ ಇರುತ್ತದೆ. ಅದರಲ್ಲಿ ಅರಿಶಿನ ಕಿತ್ತಳೆಯಾಗಿ ಕಾಣುತ್ತದೆ. ನೀವು ಅದನ್ನು ತಗ್ಗಿಸುತ್ತೀರಿ, ಲ್ಯಾಬಿನಿಂದ ಬಂದ ಹಾಳೆಯಲ್ಲಿ ಹುಡುಗಿ ಜ್ವರ ಬಂದವಳಂತೆ ಪೇಲವ. ನ್ಯಾಚುರಲ್ ಎಂಬ ಆಯ್ಕೆಗೆ ಹಾಕಿ. ಐಪ್ಯಾಡ್ ಆದರೆ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಬಣ್ಣದ ಕೆಲಸದ ಹೊತ್ತಿಗೆ ಆರಿಸಿ. ಮುಖ ಬೆಳ್ಳಗೆ ಮಾಡುವ ಚಟದ ಬಗ್ಗೆ ನಾನು ಇಲ್ಲಿ ಮಾತಾಡಬಾರದು, ಆದರೂ ಹೇಳುತ್ತೇನೆ: ನನ್ನ ತಂಗಿಯ ಆಲ್ಬಮ್ ಬಂದಾಗ ನಮ್ಮ ಅಜ್ಜಿ "ಈ ಹುಡುಗಿ ಯಾರು?" ಅಂದಳು. ಅದು ಹಾರ್ಡ್‌ವೇರ್ ತೊಂದರೆ ಅಲ್ಲ.

ಬಿಸಿಲಿನ ವಿಷಯ. ಟ್ಯಾಬ್ಲೆಟ್‌ಗಳಿಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಬಿಸಿಯಾದರೆ ಚಿಪ್ಪು ತಾನೇ ನಿಧಾನವಾಗುತ್ತದೆ, ಪರದೆಯ ಬೆಳಕು ತಗ್ಗುತ್ತದೆ. ಐಪ್ಯಾಡ್ ಬಳಸಬೇಕಾದ ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಎಂದು ತಯಾರಕರೇ ಬರೆದಿದ್ದಾರೆ. ನಮ್ಮಲ್ಲಿ ಮದುವೆಗಳ ಹಂಗಾಮು ಏಪ್ರಿಲ್, ಮೇ. ಶೀಟಿನ ಮನೆಯೊಳಗೆ ಮಧ್ಯಾಹ್ನ ಎಷ್ಟಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಚಾರ್ಜಿಗೆ ಹಾಕಿಕೊಂಡೇ ನೂರು ಫೋಟೋ ಒಟ್ಟಿಗೆ ಹೊರತೆಗೆಯಲು ಬಿಡಬೇಡಿ. ಅದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಕೊಳ್ಳಬೇಕೋ ಬೇಡವೋ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಾವಿರ ಫೋಟೋದಲ್ಲಿ ನೂರು ಆರಿಸುವುದು, ಬೆಳಕು ಬಣ್ಣ ಸರಿಮಾಡುವುದು ಇಷ್ಟಕ್ಕಾದರೆ ಸಾಧಾರಣ ಟ್ಯಾಬ್ ಸಾಕು. ಕಂಪ್ಯೂಟರಿನ ಲೈಟ್‌ರೂಮ್ ಕ್ಲಾಸಿಕ್‌ನಿಂದ ಟ್ಯಾಬ್‌ಗೆ ಹೋಗುವುದು ಉದ್ದ ಬದಿ 2,560 ಚುಕ್ಕಿಯ ಸಣ್ಣ ಪ್ರತಿ. ಅದರ ಮೇಲೆ ಮಾಡಿದ ತಿದ್ದುಪಡಿ ತಾನಾಗಿ ಮೂಲಕ್ಕೆ ಹೋಗಿ ಕೂರುತ್ತದೆ. ಇದು ಜಾಣ ದಾರಿ, ಸ್ಟುಡಿಯೋದವರು ಯಾಕೋ ಬಳಸುವುದಿಲ್ಲ. ಒಂದೊಂದೇ ಫೋಟೋ ತೆಗೆದುಕೊಂಡು ಫ್ರೇಮ್‌ಗೆ ಚಂದ ಮಾಡುವವರಿಗೆ ನಿಜವಾದ 8 ಜಿಬಿ ಮತ್ತು ಒತ್ತಡದ ಪೆನ್ನು. ಆದರೆ 12×36ರ ಹಾಳೆ, ಹಳೆಯ ವಿನ್ಯಾಸಗಳು, ವಿಂಡೋಸ್‌ಗೆ ಬರೆದ ಪ್ಲಗಿನ್‌ಗಳು ಇವೇ ನಿಮ್ಮ ಅನ್ನವಾದರೆ, ಐಪ್ಯಾಡ್ ಮತ್ತು ಆಂಡ್ರಾಯ್ಡ್ ಎರಡೂ ಬೇಡ. ಆ ಪ್ಲಗಿನ್‌ಗಳು ಅಲ್ಲಿ ಕೂರುವುದಿಲ್ಲ. 16 ಜಿಬಿಯ ವಿಂಡೋಸ್ ಟ್ಯಾಬ್ಲೆಟ್ ಬಹಳ ದುಬಾರಿ; ಅದೇ ದುಡ್ಡಿಗೆ ಒಳ್ಳೆಯ ಲ್ಯಾಪ್‌ಟಾಪ್ ಬಂದು ಒತ್ತಡದ ಪೆನ್ನಿನ ಹಲಗೆಯೂ ಬರುತ್ತದೆ. ಆ ತಂಗಿಗೆ ನಾನು ಹೇಳಿದ್ದು ಇದನ್ನೇ. ಅವಳು ಹಾಗೆಯೇ ಮಾಡಿದಳು. ಒಳಕೋಣೆಗೆ ಅದೂ ಹೋಗುತ್ತದೆ, ಕರೆಂಟ್ ಹೋದಾಗ ಮೂರು ಗಂಟೆ ಅದೂ ನಡೆಯುತ್ತದೆ.

ತಿಂಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಸ್ಟುಡಿಯೋಗಳ ಕಂಪ್ಯೂಟರಿನಲ್ಲಿರುವ ಫೋಟೋಶಾಪ್ ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ, ನೀವೂ ಹೇಳಬೇಡಿ. ಟ್ಯಾಬ್ಲೆಟ್‌ನಲ್ಲಿ ಆ ಆಟ ಸುಲಭವಲ್ಲ.

ಕೊಳ್ಳುವುದೇ ಎಂದಾದರೆ ನಿಮ್ಮ ಹಿಂದಿನ ಮದುವೆಯ ಅತ್ಯಂತ ಭಾರದ ಹಾಳೆಯನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ಯಿರಿ. ಅಲ್ಲೇ ತೆರೆಯಿರಿ, ನಾಲ್ಕು ಪದರ ಸೇರಿಸಿ, ಹೆಸರು ಹೊಡೆಯಿರಿ, ಉಳಿಸಿ, ಮತ್ತೆ ತೆರೆಯಿರಿ. ಇಪ್ಪತ್ತು ನಿಮಿಷ ಕೂರಿ. ಅಂಗಡಿಯವರು ಗೊಣಗಿದರೆ ಗೊಣಗಲಿ, ಎತ್ತು ಕೊಳ್ಳುವಾಗ ಹಲ್ಲು ಎಣಿಸದೆ ಯಾರಾದರೂ ಹಗ್ಗ ಹಿಡಿದಿದ್ದುಂಟೇ?

ಕೊನೆಗೆ ಮಕ್ಕಳಿಗೆ ಒಂದು ಕೆಲಸ ತಂದಿದ್ದೇನೆ. ಆಫೀಸ್ ಕೋಣೆಯಲ್ಲಿ ತೂಗುಹಾಕಿರುವ ಹಳೆಯ ಎಸ್ಸೆಸ್ಸೆಲ್ಸಿ ಗುಂಪು ಫೋಟೋಗಳಲ್ಲಿ ಮೊದಲ ಹತ್ತು ಹನ್ನೆರಡು ವರ್ಷದವು ಕಪ್ಪು ಬಿಳುಪು. ಕೆಲವಕ್ಕೆ ಹುಳ ಹಿಡಿದಿದೆ, ಮುಖಗಳು ಹೋಗುತ್ತಿವೆ. 8×10 ಇಂಚಿನ ಫೋಟೋವನ್ನು ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 2 ಕೋಟಿ 88 ಲಕ್ಷ ಚುಕ್ಕಿ. ಬಣ್ಣ ಇಲ್ಲದ ಕಾರಣ ಚುಕ್ಕಿಗೆ ಒಂದೇ ಬೈಟ್, ಅಂದರೆ 29 ಎಂಬಿ, ಆಲ್ಬಮ್ ಹಾಳೆಯ ಒಂದು ಪದರದ ಕಾಲು ಭಾಗ. ಹಾಗಾಗಿ ಇದಕ್ಕೆ ದೊಡ್ಡ ಯಂತ್ರ ಬೇಡ. 4 ಜಿಬಿಯ ಟ್ಯಾಬ್ಲೆಟ್‌ನಲ್ಲೂ ಗೀರು, ತೂತು, ಕಲೆಗಳನ್ನು ತುಂಬಬಹುದು. ಹಾಗೆಂದು ಹುಳ ತಿಂದ ಮುಖಕ್ಕೆ ಬೇರೆಯವರ ಮುಖ ಅಂಟಿಸಬೇಡಿ, ಖಾಲಿ ಇದ್ದರೆ ಖಾಲಿ ಇರಲಿ. ಚೌಕಟ್ಟು ಬಿಚ್ಚುವಾಗ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡೋಣ. ಸ್ಕ್ಯಾನರ್ ತಂದಿದ್ದೇನೆ, ಒಂಬತ್ತನೇ ತರಗತಿ ಕೋಣೆಯಲ್ಲಿ ಇಟ್ಟಿದ್ದೇನೆ. ಬುಧವಾರದವರೆಗೆ ಊರಲ್ಲೇ ಇರುತ್ತೇನೆ. ಮುಖಗಳ ಕೆಳಗೆ ಹೆಸರು ಬರೆಸಲು ಹಿರಿಯರು ಯಾರಾದರೂ ಬಂದು ಕೂತರೆ ಒಳ್ಳೆಯದು.